ಒಣಗಬೇಕಿದ್ದ ಗಿಡಗಳು

ತಂಗಿಯನ್ನು ಆಸ್ಪತ್ರೆಯಿಂದ ಕರೆತಂದು ಮಂಚದ ಮೇಲೆ ಕೂರಿಸಿದ ಅಕ್ಕ, ಚೀಲವನ್ನೂ ಬಿಚ್ಚದೆ ಕಿಟಕಿಯ ಬಳಿ ನೆಲಕ್ಕೆ ಕೂತು ಬೀನ್ಸ್ ಗಿಡಗಳ ಎಲೆ ಒರೆಸತೊಡಗಿದಳು. ತಂಗಿ ಅತ್ತ ನೋಡಿದಳು. ಸಾಲಿನಲ್ಲಿದ್ದ ಕುಂಡಗಳೆಲ್ಲ ಹಚ್ಚಗೆ ನಗುತ್ತಿದ್ದವು.

"ಅಯ್ಯೋ ಅಕ್ಕಾ! ಕೆಂಪು ದಾರ ಕಟ್ಟಿರೋದಕ್ಕೆ ಮಾತ್ರ ನೀರು ಹಾಕು ಅಂದಿದ್ನಲ್ಲೇ! ಮಿಕ್ಕಿದ್ದು ಒಣಗಬೇಕಿತ್ತು!"

ನೀರಿಲ್ಲದೆ ಗಿಡ ಎಷ್ಟು ದಿನ ತಡೆಯುತ್ತದೆ ಎಂಬುದೇ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ. ಈಗ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ವರದಿ ಒಪ್ಪಿಸುವುದು ಮುಂದಿನ ಸೆಮಿಸ್ಟರ್‌ಗೇ ಹೋಯಿತು.

"ನೆನಪಿತ್ತು ಕಣೇ," ಎಂದಳು ಅಕ್ಕ. "ಬಟ್ಟೆ ಬದಲಾಯಿಸೋಕೆ ಅಂತ ಮನೆಗೆ ಬರ್ತಿದ್ದೆ. ಅಲ್ಲಿ ನೋಡಿದ್ರೆ ಜ್ವರದಲ್ಲಿ ನೀನು ಕಣ್ಣು ಬಿಡ್ತಿರ್ಲಿಲ್ಲ. ಇಲ್ಲಿ ನೋಡಿದ್ರೆ ಇವೂ ಕತ್ತು ಬಗ್ಗಿಸ್ಕೊಂಡು ನಿಂತಿದ್ವು. ತಡ್ಕೊಳ್ಳೋಕಾಗ್ಲಿಲ್ಲ, ಒಂದೊಂದು ಲೋಟ ಹಾಕ್ಬಿಟ್ಟೆ. ಬೈಯೋದಾದ್ರೆ ಏನಾದ್ರೂ ತಿಂದು ಬೈಯಿ, ದನಿನಾದ್ರೂ ಏಳುತ್ತೆ."

ತಂಗಿ ಬೈಯಲೆಂದೇ ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕನ ಬೆರಳುಗಳು ಕಣ್ಣಿಗೆ ಬಿದ್ದವು. ತನ್ನ ಹಣೆಗೆ ಅಷ್ಟೂ ರಾತ್ರಿ ತಣ್ಣೀರಿನ ಪಟ್ಟಿ ಹಿಂಡಿ ಹಾಕಿ, ಹಾಕಿ, ಬೆರಳ ತುದಿಯ ಚರ್ಮ ಬಿಳಿಚಿ ಸುಲಿದಿತ್ತು.

ಮಂಚದಿಂದ ಮೆಲ್ಲಗೆ ಇಳಿದು ಬಂದು ಅವಳು ಪಕ್ಕದಲ್ಲಿ ಕೂರುವಷ್ಟರಲ್ಲಿ ಅಕ್ಕ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ತಂಗಿ ಆ ಸುಲಿದ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು.

"ಅಕ್ಕಾ, ಹೊಸದಾಗಿ ಬೀಜ ಹಾಕ್ತೀನಿ. ಈ ಸಲಾನೂ ನೀನೇ ನೋಡ್ಕೋ."