ಹೆಸರಿಲ್ಲದ ನೆರಳು

ಜೊತೆಗಿದ್ದವರನ್ನು ಅಗಲುವಾಗ ಅವರ ಬಳಿ ತಮ್ಮದೊಂದು ನೆರಳು ಬಿಟ್ಟುಹೋಗುವುದು ಧಾರವಾಡದವರಿಗೆ ರೂಢಿಯಾಗಿತ್ತು. ಹಾಗೆ ಕೂಡಿಟ್ಟು ಮನೆಯ ಟ್ರಂಕು ತುಂಬಿದಾಗ ಜನ ಆ ನೆರಳುಗಳನ್ನೆಲ್ಲ ಮಹಾನಂದಾಳ ಬಳಿ ತರುತ್ತಿದ್ದರು. ಅವಳು ಅವನ್ನು ಬಟ್ಟೆಯ ತುಂಡುಗಳಂತೆ ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಬರೀ ಕೌದಿಯಕ್ಕ. ನೆರಳು ಯಾರದೆಂದು ಹೆಸರು ಹೇಳಿಯೇ ಸೂಜಿ ಚುಚ್ಚಬೇಕು, ಇಲ್ಲದಿದ್ದರೆ ಹೊಲಿಗೆ ಬಿಚ್ಚಿಹೋಗುತ್ತಿತ್ತು.

ಅಂದು ಬಂದ ಹೆಂಗಸು ಒಂದೊಂದೇ ನೆರಳು ಬಿಡಿಸಿ ಹೆಸರು ಹೇಳುತ್ತ ಬಂದಳು. ಕೊನೆಯದಕ್ಕೆ ತಡವರಿಸಿದಳು.

"ಇದು ಯಾರದೋ ಏನೋ, ಅಕ್ಕಾರ. ಹಾಸ್ಟೆಲ್‌ನ್ಯಾಗ ಇದ್ದಾಗಿಂದು. ನೆನಪ ಆಗವಲ್ದು ನೋಡ್ರಿ."

ಮಹಾನಂದಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಜಡೆ, ವಾಲಿದ ಕುತ್ತಿಗೆ, ಎಡಗೈಯಲ್ಲಿ ಸೂಜಿ. ಎದುರು ಕೂತವಳು ಪ್ರಮೀಳಾ ಎಂದು ಆಗ ಗುರುತು ಹತ್ತಿತು. ಹಾಸ್ಟೆಲ್‌ನಲ್ಲಿ ಮೂರು ವರ್ಷ ಇಬ್ಬರೂ ಒಂದೇ ತಾಟಿನಲ್ಲಿ ಉಂಡಿದ್ದರು.

"ಹೆಸರಿಲ್ಲಂದ್ರ ಒಗದ ಬಿಡ್ರಿ," ಎಂದಳು ಪ್ರಮೀಳಾ.

"ಇರ್ಲಿ ಬಿಡ್ರಿ. ಒಂದು ಮೂಲಿಗೆ ಹಚ್ಚತೀನಿ."

ಪ್ರಮೀಳಾ ಹೋಗಿ ಗೇಟಿನ ಸದ್ದು ಅಡಗಿದ ಮೇಲೆ ಮಹಾನಂದಾ ಎಡಗೈಗೆ ಸೂಜಿ ತೆಗೆದುಕೊಂಡಳು. ಎಷ್ಟೋ ವರ್ಷಗಳಿಂದ ಯಾರೂ ಕರೆಯದ ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಂಡು ಆ ನೆರಳಿಗೆ ಸೂಜಿ ಚುಚ್ಚಿ ದಾರ ಎಳೆದಳು.

ಹೊಲಿಗೆ ಬಿಚ್ಚಲಿಲ್ಲ.