ದೋಣಿ ಕಟ್ಟಿದ ಶಿಖರ

"ಸಾಕು ಅಗೆದಿದ್ದು, ದೋಣಿಯೋರ ಮಗಳೇ" ಎಂದು ಕಣಿವೆಯ ಯಜಮಾನ ಓರ್ಗ ನಕ್ಕ. "ನಿಮ್ಮಜ್ಜಿ ಈ ಶಿಖರದ ಮೇಲೆ ಮೀನು ಹಿಡೀತಿದ್ಲೇನೇ?"

ಇಲ್ವೆ ಎಂಬಾಕೆ ಹಿಮ ಅಗೆಯುತ್ತಲೇ ಇದ್ದಳು. ತೆರ್ವಾ ಬೆಟ್ಟಸಾಲಿನಲ್ಲಿ ಮೊದಲು ಗೂಟ ನೆಟ್ಟವರದೇ ಹುಲ್ಲುಗಾವಲು. ಇಲ್ಲೆಲ್ಲ ಸಮುದ್ರವಿದ್ದಾಗ ತನ್ನ ಕುಲದ ಹಿರಿಯರು ದೋಣಿ ಕಟ್ಟಲು ನೆಟ್ಟ ಗೂಟ ಇವತ್ತು ಸಿಗದಿದ್ದರೆ, ನಾಳೆ ಕುಲದವರೆಲ್ಲ ಬೆಟ್ಟವನ್ನು ಓರ್ಗನಿಗೆ ಬಿಟ್ಟು ಕುರಿಗಳ ಸಮೇತ ಹೋಗಬೇಕು.

ಗುದ್ದಲಿ ಠಣ್ ಎಂದಿತು. ಹಿಮದಡಿ ಕಲ್ಲುಗೂಟವೊಂದು ಕಂಡಿತು. ಹಗ್ಗ ತಿಕ್ಕಿ ತಿಕ್ಕಿ ಅದರ ಸುತ್ತ ಆಳವಾದ ತೋಡು ಬಿದ್ದಿತ್ತು. ಬುಡಕ್ಕೆ ಸಮುದ್ರದ ಚಿಪ್ಪುಗಳು ಕಚ್ಚಿಕೊಂಡಿದ್ದವು.

ಓರ್ಗ ತೋಡಿನೊಳಗೆ ಬೆರಳಾಡಿಸಿದ. "ನೀರು ಇಲ್ಲೀತನಕ ಇತ್ತೇನಮ್ಮ?" ಎಂದು ಕೇಳಿ, ಕೆಳಗೆ ನೋಡಿದ. ಹದ್ದುಗಳು ಎಷ್ಟೋ ಆಳದಲ್ಲಿ ತೇಲುತ್ತಿದ್ದವು. ಈಜು ಬಾರದ ಓರ್ಗ ಗೂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡ.