ಸೋಪಿನ ದವಡೆಹಲ್ಲು

ಸ್ನಾನಕ್ಕೆಂದು ಹೋದ ಅತ್ತೆ ಒದ್ದೆ ಕೈಯಲ್ಲೇ ಹೊರಬಂದು ಅಡುಗೆಮನೆಯ ಮೇಜಿನ ಮೇಲೆ ಒಂದು ದವಡೆಹಲ್ಲನ್ನು ಕುಕ್ಕಿದರು. ಗುಲಾಬಿ ಬಣ್ಣದ ಹಲ್ಲು, ಘಮಘಮಿಸುತ್ತಿತ್ತು. "ಮೈಗೆ ಹಚ್ಚೋಕೆ ಈ ಮನೇಲಿ ಒಂದಾದ್ರೂ ನೆಟ್ಟಗಿರೋ ಸೋಪ್ ಇದ್ಯೇನೇ? ಒಂದು ತಿಂಗಳಿಂದ ಹಲ್ಲಲ್ಲೇ ಸ್ನಾನ ಮಾಡ್ತಿದೀನಿ!"

ಸೊಸೆ ತಲೆ ಎತ್ತಲಿಲ್ಲ. ಇನ್ನೊಂದು ಸೋಪಿನಲ್ಲಿ ಹಲ್ಲಿನ ಬೇರು ಕೆತ್ತುತ್ತಿದ್ದಳು. ಊರಿನಲ್ಲಿ ಹನ್ನೊಂದು ವರ್ಷ ಹಲ್ಲಿನ ಡಾಕ್ಟರಾಗಿದ್ದವಳು, ಈ ದೇಶಕ್ಕೆ ಬಂದ ಮೇಲೆ ಬೇರೆಯವರ ಕ್ಲಿನಿಕ್ಕಿನಲ್ಲಿ ಇಕ್ಕಳ ತೊಳೆಯುತ್ತಿದ್ದಳು. ಅವಳ ಡಿಗ್ರಿಯನ್ನು ಇಲ್ಲಿಯವರು ಒಪ್ಪಬೇಕಾದರೆ ಪರೀಕ್ಷಕರ ಕಣ್ಣೆದುರು ಮೇಣದಲ್ಲಿ ಹಲ್ಲು ಕೆತ್ತಿ ತೋರಿಸಬೇಕು; ಮನೆಯಲ್ಲಿ ಅಭ್ಯಾಸಕ್ಕೆ ಸೋಪು. ಎರಡು ಸಲ ಫೇಲಾಗಿತ್ತು. ನಾಳೆ ಮೂರನೆಯದು, ನಾಲ್ಕನೆಯದಕ್ಕೆ ಅವಕಾಶವೇ ಇಲ್ಲ. "ಸಾಕು ಬಿಡು, ಇರೋ ಕೆಲಸವೇ ಚೆನ್ನಾಗಿದೆಯಲ್ಲ" ಎಂದು ಬೆಳಿಗ್ಗೆ ಗಂಡನೂ ಕೈಚೆಲ್ಲಿದ್ದ. ಉತ್ತರವಾಗಿ ಅವಳು ಚಾಕು ಮಸೆಯತೊಡಗಿದ್ದಳು. ಗಂಡ ಅಂದು ಕೆಲಸಕ್ಕೆ ಸ್ವಲ್ಪ ಬೇಗನೇ ಹೊರಟುಹೋದ.

"ಮುಗೀತು ಅತ್ತೆ" ಎಂದು ಅವಳು ಹಲ್ಲನ್ನು ಮೇಜಿನ ಮೇಲಿಟ್ಟು ಬೆರಳ ನೆಟಿಗೆ ಮುರಿದಳು. ಅತ್ತೆ ಕನ್ನಡಕ ಏರಿಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. ಅದನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋದರು. ತಿರುಗಿ ಬಂದಾಗ, ಊರಿಂದ ತಂದು ಎರಡು ವರ್ಷದಿಂದ ಸೀರೆಗಳ ನಡುವೆ ಜೋಪಾನ ಮಾಡಿದ್ದ, ಯಾರಿಗೂ ಮುಟ್ಟಗೊಡದ ಸೋಪು ಅವರ ಕೈಯಲ್ಲಿತ್ತು. ಪರ್ರೆಂದು ಅದರ ಕಾಗದ ಹರಿದು ಸೊಸೆಯ ಮುಂದಿಟ್ಟರು.

"ನಿನ್ನೆ ಕೆತ್ತಿದ್ದಕ್ಕಿಂತ ವಾಸಿ. ಆದ್ರೆ ಹಿಂದಿನ ಬೇರು ಇನ್ನೂ ಸೊಟ್ಟ. ಇನ್ನೊಂದ್ಸಲ ಕೆತ್ತು."